ಶಿರಾಡಿ ಹತ್ತುವಾಗ ಇಂಜಿನ್ ಲೈಟ್ ಮಿಣುಕ್ತು, ಗಾಡಿ ನಡುಗ್ತು. ಟರ್ಬೊ ಹೋಗಿದೆ ಅಂತಾರೆ, ನಂಬಲಾ?

ಕಾಫಿ_ಕಣಿವೆ · ಭಾನುವಾರ ರಾತ್ರಿ 9:40

ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡಿದ್ದವನು, ಈಗ ಕಷ್ಟ ಬಂತು ಅಂತ ಬರೀತಿದೀನಿ, ಬೈಕೋಬೇಡಿ.

ಗಾಡಿ 2021ರದ್ದು. 1 ಲೀಟರ್, ಮೂರು ಸಿಲಿಂಡರ್, ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪು) ಪೆಟ್ರೋಲ್, ಮ್ಯಾನ್ಯುಯಲ್ ಗೇರು. 58,000 ಕಿ.ಮೀ. ಆಗಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದ್ರೆ ಚರ್ಚೆ ಅಲ್ಲಿಗೇ ಮುಗಿಯುತ್ತೆ, ಜಗಳ ಶುರುವಾಗುತ್ತೆ.

ಶುಕ್ರವಾರ ಧರ್ಮಸ್ಥಳದಿಂದ ವಾಪಸ್ ಬರ್ತಾ ಗುಂಡ್ಯ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ್ವಿ. ಮಳೆ ಜೋರು. ಮುಂದೆ ಒಂದು ಟ್ಯಾಂಕರ್ ತೆವಳ್ತಾ ಇತ್ತು. ಹಿಂದಿಕ್ಕೋಣ ಅಂತ ಮೂರನೇ ಗೇರಲ್ಲಿ ಕಾಲು ಒತ್ತಿದೆ ನೋಡಿ, ಇಂಜಿನ್ನು ಡಬಡಬ ಅಂತ ಬಡ್ಕೊಳ್ತು, ಸ್ಟೀರಿಂಗ್ ನಡುಗ್ತು, ಎಳೆಯೋದೇ ನಿಂತೋಯ್ತು. ಇಂಜಿನ್ ಲೈಟ್ ಮಿಣಮಿಣ ಮಿಣುಕೋಕೆ ಶುರುವಾಯ್ತು. ಎರಡು ಸೆಕೆಂಡ್ ಬಿಟ್ಟು ಗಾಡಿ ಜಾರದಂಗೆ ನೋಡ್ಕೊಳ್ಳೋ ಇಎಸ್‌ಪಿ ಲೈಟು, ಅದರ ಹಿಂದೆ ಏರಲ್ಲಿ ಗಾಡಿ ಹಿಂದಕ್ಕೆ ಹೋಗದಂಗೆ ಹಿಡಿಯೋ ಹಿಲ್ ಹೋಲ್ಡ್ ಕೆಲಸ ಮಾಡ್ತಿಲ್ಲ ಅನ್ನೋ ಸಂದೇಶ. ಪಕ್ಕದಲ್ಲಿ ಅಮ್ಮ "ಮಂಜುನಾಥಾ" ಅಂದ್ರು. ಪಕ್ಕಕ್ಕೆ ಹಾಕಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ನಡುಕ ಮಾಯ. ಇಂಜಿನ್ ಲೈಟ್ ಮಾತ್ರ ಮಿಣುಕದೆ ಸುಮ್ನೆ ಉರೀತಾ ಇತ್ತು. ಸಕಲೇಶಪುರದ ತನಕ ಎರಡನೇ ಗೇರಲ್ಲೇ ಬಂದೆ.

ಶನಿವಾರ ಸರ್ವಿಸ್ ಸೆಂಟರಿಗೆ ಕೊಟ್ಟೆ. ಕಂಪ್ಯೂಟರ್ ಹಾಕಿದ್ರು. "ಟರ್ಬೊ ಪ್ರೆಶರ್ ಬರ್ತಿಲ್ಲ ಸಾರ್, ಪೈಪಲ್ಲಿ ಆಯಿಲ್ ಕೂಡ ಇದೆ, ಟರ್ಬೊ ಅಸೆಂಬ್ಲಿ ಚೇಂಜ್ ಮಾಡ್ಬೇಕು" ಅಂತ 1,12,000 ರೂಪಾಯಿ ಎಸ್ಟಿಮೇಟ್ ಕೈಗಿಟ್ಟು, ಕೋಡ್ ಅಳಿಸಿ ಗಾಡಿ ವಾಪಸ್ ಕೊಟ್ರು. ವಾರಂಟಿ ಮುಗಿದಿದೆ. ಊರೊಳಗೆ ಓಡಿಸಿದ್ರೆ ಬೆಣ್ಣೆ ಹಂಗೆ ಓಡ್ತಿದೆ. ಏನ್ ಮಾಡ್ಲಿ?

ಅರ್ಧ_ಟ್ಯಾಂಕ್ · 9:52

ಇ20 ಕಣ್ರೀ, ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು. ಬೇರೇನೂ ಅಲ್ಲ. ಮುಂದಿನ ಪ್ರಶ್ನೆ ಕೇಳಿ.

ಕುಡ್ಲ_ಡ್ರೈವ್ · 10:05

ಎಂತ ಮಾರಾಯ್ರೆ, ಆ ಟ್ಯಾಂಕರ್ ಹಿಂದೆಯೇ ಬರ್ಲಿಕ್ಕೆ ಎಂತ ಆಗಿತ್ತು? ಮಳೆಗಾಲದಲ್ಲಿ ಶಿರಾಡಿಯಲ್ಲಿ ಓವರ್‌ಟೇಕ್ ಮಾಡುವುದು ಅಂದ್ರೆ ಸಾವಿಗೆ ಕಾಗದ ಬರೆದ ಹಾಗೆ. ಲೈಟ್ ಬಂದದ್ದು ಒಳ್ಳೆಯದೇ ಆಯ್ತು ಅಂತ ನನಗೆ ಕಾಣ್ತದೆ.

ಟಾಪ್_ಎಂಡ್ · 10:11

ಟರ್ಬೊ ಹೋಗಿರೋದು ಗ್ಯಾರಂಟಿ. ಪೈಪಲ್ಲಿ ಆಯಿಲ್ ಇದೆ ಅಂದ್ಮೇಲೆ ಸೀಲ್ ಹೋಗಿದೆ ಅಂತಾನೇ ಅರ್ಥ. ಹೈವೇಯಿಂದ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡೋ ಅಭ್ಯಾಸ ಇರ್ಬೇಕು ನಿಮಗೆ. ಟರ್ಬೊ ತಣ್ಣಗಾಗೋಕೆ ಎರಡು ನಿಮಿಷ ಐಡಲ್ ಬಿಡಿ ಅಂತ ಎಷ್ಟು ಸಲ ಹೇಳೋದು ಜನಕ್ಕೆ.

ಸ್ಪ್ಯಾನರ್_ಸ್ವಾಮಿ · 10:34

ನಿಲ್ಲಿ ನಿಲ್ಲಿ. ಯಾರೂ ಟರ್ಬೊ ಬಿಚ್ಚಬೇಡಿ.

ಕಾಫಿಯವರೇ, ಲಕ್ಷಣವನ್ನ ನೀವೇ ಚೆನ್ನಾಗಿ ಬರ್ದಿದೀರಿ. ಟರ್ಬೊ ಸುಸ್ತಾದ್ರೆ ಗಾಡಿ ಎಳೆಯಲ್ಲ, ಸೋಮಾರಿ ಆಗುತ್ತೆ. ಆದ್ರೆ ಡಬಡಬ ಅಂತ ನಡುಗಲ್ಲ. ನಡುಗೋದು ಯಾವುದೋ ಒಂದು ಸಿಲಿಂಡರ್ ಉರೀದೆ ಇದ್ದಾಗ. ಮೂರರಲ್ಲಿ ಒಂದು ಸತ್ರೆ ಮೂರನೇ ಒಂದು ಭಾಗ ಶಕ್ತಿ ಹೋಯ್ತು, ಮೂರು ಕಾಲಿನ ಮಣೆಯಲ್ಲಿ ಒಂದು ಕಾಲು ಮುರಿದಂಗೆ. ಇದಕ್ಕೆ ಗ್ಯಾರೇಜ್ ಭಾಷೆಯಲ್ಲಿ "ಮಿಸ್ ಹೊಡೆಯೋದು" ಅಂತಾರೆ.

ಎರಡನೇದು, ಲೈಟು. ಇಂಜಿನ್ ಲೈಟ್ ಸುಮ್ನೆ ಉರಿದ್ರೆ "ಏನೋ ತೊಂದರೆ ಇದೆ, ಬಿಡುವಾದಾಗ ನೋಡಿಸು" ಅಂತ. ಮಿಣುಕಿದ್ರೆ "ಈಗಲೇ ಕಾಲು ತೆಗಿ" ಅಂತ. ಉರೀದ ಪೆಟ್ರೋಲು ಸೀದಾ ಸೈಲೆನ್ಸರ್ ಕಡೆ ಹೋಗಿ, ಅಲ್ಲಿ ಹೊಗೆ ಶುದ್ಧ ಮಾಡೋಕೆ ಇರೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ. ಒಳಗಿರೋ ಜೇನುಗೂಡಿನಂಥ ಸೆರಾಮಿಕ್ ಕರಗಿಹೋಗುತ್ತೆ. ಅದರ ಮೇಲೆ ಬಳಿದಿರೋದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಬೆಲೆ ಕೇಳಿದ್ರೆ ಟರ್ಬೊ ಎಸ್ಟಿಮೇಟೇ ಅಗ್ಗ ಅನ್ನಿಸಬಹುದು. ನೀವು ನಿಲ್ಲಿಸಿ ಆಫ್ ಮಾಡಿದ್ದು ಸರಿ ಕೆಲಸ.

ಇಎಸ್‌ಪಿ, ಹಿಲ್ ಹೋಲ್ಡ್ ಲೈಟಿಗೆ ತಲೆ ಕೆಡಿಸ್ಕೋಬೇಡಿ. ಚಕ್ರ ಜಾರಿದಾಗ ಇಎಸ್‌ಪಿ "ಸ್ವಲ್ಪ ಶಕ್ತಿ ಕಮ್ಮಿ ಮಾಡು" ಅಂತ ಇಂಜಿನ್‌ಗೆ ಹೇಳ್ಬೇಕು. ಇಂಜಿನ್ ಕಂಪ್ಯೂಟರ್ರೇ "ನನ್ನ ಲೆಕ್ಕ ಈಗ ಸರಿ ಇಲ್ಲ" ಅಂದಾಗ ಇಎಸ್‌ಪಿ ಕೂಡ ಕೈ ಚೆಲ್ಲುತ್ತೆ. ಒಂದು ರೋಗಕ್ಕೆ ಮೂರು ಲೈಟು, ಅಷ್ಟೇ.

ಈಗ ಹೇಳಿ, ಸರ್ವಿಸ್‌ನವರ ಕಾಗದದಲ್ಲಿ ಕೋಡ್ ನಂಬರ್ ಇದೆಯಾ? ಒಂದೂ ಬಿಡದೆ ಬರೀರಿ.

ಕಾಫಿ_ಕಣಿವೆ · 10:51

ಕಾಗದ ಹುಡುಕಿದೆ, ಇದೆ. ಪಿ0299, ಪಿ0171, ಪಿ0302. ಅವರು ಮೊದಲನೇದಕ್ಕೆ ಮಾತ್ರ ಪೆನ್ನಲ್ಲಿ ಗೆರೆ ಹಾಕಿದಾರೆ.

ಸ್ಪ್ಯಾನರ್_ಸ್ವಾಮಿ · 11:08

ಹ್ಞಾ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಪಿ0302 ಅಂದ್ರೆ ಎರಡನೇ ಸಿಲಿಂಡರ್ ಮಿಸ್. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗುತ್ತೆ ಅಂದ್ರೆ, ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ದಂಡ, ತಿರುಗೋ ವೇಗವನ್ನ ಒಂದು ಸೆನ್ಸರ್ ಸದಾ ನೋಡ್ತಾ ಇರುತ್ತೆ. ಪ್ರತಿ ಸಿಲಿಂಡರ್ ಉರಿದಾಗ ಒಂದು ತಳ್ಳು ಸಿಗ್ಬೇಕು. ಎರಡರ ಸರದಿ ಬಂದಾಗ ಆ ತಳ್ಳು ಸಿಗ್ತಿಲ್ಲ.

ಪಿ0171 ಅಂದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಇದು ಪಿ0302 ಹೆತ್ತ ಮರಿ ಇರಬಹುದು. ಉರೀದ ಸಿಲಿಂಡರಿಂದ ಪೆಟ್ರೋಲ್ ಜೊತೆ ಆಮ್ಲಜನಕವೂ ಹಾಗೇ ಆಚೆ ಬರುತ್ತೆ. ಆಕ್ಸಿಜನ್ ಸೆನ್ಸರ್ ಅಳೆಯೋದು ಆಮ್ಲಜನಕ ಮಾತ್ರ. "ಅಯ್ಯೋ ಗಾಳಿ ಜಾಸ್ತಿ" ಅಂತ ಕೂಗುತ್ತೆ. ಪಿ0299 ಅಂದ್ರೆ ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಕಮ್ಮಿ. ಟರ್ಬೊ ತಿರುಗೋದು ಹೊಗೆಯ ಬಿಸಿ ಮತ್ತು ರಭಸದಿಂದ. ಮೂರರಲ್ಲಿ ಒಂದು ಮನೆಯಲ್ಲಿ ಒಲೆ ಉರೀದೆ ಹೋದ್ರೆ ರಭಸ ಎಲ್ಲಿಂದ ಬರುತ್ತೆ? ಜೊತೆಗೆ ಮಿಸ್ ಕಂಡ ಕೂಡ್ಲೇ ಎಷ್ಟೋ ಗಾಡಿಗಳ ಕಂಪ್ಯೂಟರ್ ತಾನೇ ಬೂಸ್ಟ್ ತಗ್ಗಿಸುತ್ತೆ.

ಪೈಪಲ್ಲಿ ಎಣ್ಣೆ ವಿಷಯಕ್ಕೆ ಬಂದ್ರೆ, ತೆಳ್ಳಗೆ ಜಿಡ್ಡು ಇರೋದು ಮಾಮೂಲು. ಇಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್‌ನ ಎಣ್ಣೆ ಆವಿ ಅದೇ ದಾರೀಲಿ ಒಳಗೆ ಹೋಗುತ್ತೆ. ಎಣ್ಣೆ ಹರಿದು ನಿಂತಿದ್ರೆ, ನೀಲಿ ಹೊಗೆ ಬರ್ತಿದ್ರೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳೀತಿದ್ರೆ ಆಗ ಯೋಚನೆ ಮಾಡಿ.

ಅರ್ಧ_ಟ್ಯಾಂಕ್ · 11:15

ಎಲ್ಲ ಸರಿ ಸ್ವಾಮಿಗಳೇ, ಇ20 ಯಾಕಲ್ಲ ಅಂತ ಹೇಳಲೇ ಇಲ್ಲ. 2021ರ ಗಾಡಿ ಅದು. ಇ20ಗೆ ಒಗ್ಗೋ ಗಾಡಿಗಳು ಬಂದಿದ್ದು 2023ರ ಏಪ್ರಿಲ್ ಆದ್ಮೇಲೆ.

ಸ್ಪ್ಯಾನರ್_ಸ್ವಾಮಿ · 11:22

ಪೆಟ್ರೋಲ್ ಮೂರೂ ಸಿಲಿಂಡರಿಗೆ ಒಂದೇ ಟ್ಯಾಂಕಿಂದ ಹೋಗೋದು. ಪೆಟ್ರೋಲೇ ಕೆಟ್ಟಿದ್ರೆ ಮೂರೂ ಒದ್ದಾಡ್ಬೇಕು. ಪಿ0300, 301, 303 ಎಲ್ಲ ಬರ್ಬೇಕಿತ್ತು. ಬರೀ ಎರಡನೇದಕ್ಕೆ ಮಾತ್ರ ಎಥನಾಲ್ ಮೇಲೆ ಸಿಟ್ಟಾ?

ನಾಲ್ಕನೇ_ಗೇರ್ · 11:40

ಇ20ಯಿಂದ ಮೈಲೇಜ್ ಬೀಳೋದು ಮಾತ್ರ ನಿಜ. ಎಥನಾಲ್‌ನಲ್ಲಿ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಭಾಗ ಅದೇ ಅಂದ್ರೆ ಶೇ 6–7 ಹೋಯ್ತು, ಲೆಕ್ಕ ಕಾಗದದ ಮೇಲೇ ಇದೆ. ನನ್ನ ಗಾಡಿ ಮೊದಲು 17 ಕೊಡ್ತಿತ್ತು, ಈಗ 15 ದಾಟಲ್ಲ.

ಅರ್ಧ_ಟ್ಯಾಂಕ್ · 11:42

ನೋಡಿ! ನೋಡಿ!

ಸ್ಪ್ಯಾನರ್_ಸ್ವಾಮಿ · 11:44

ಅದು ಬೇರೆ ವಿಷಯ. ಮಳೆಗಾಲದಲ್ಲಿ ಬಂಕ್ ಟ್ಯಾಂಕಿಗೆ ನೀರಿಳಿದ್ರೆ ಎಥನಾಲ್ ಆ ನೀರನ್ನ ಹಿಡ್ಕೊಂಡು ತಳಕ್ಕೆ ಬೇರೆಯಾಗಿ ಕೂರುತ್ತೆ, ಅದೂ ನಿಜ. ಅನುಮಾನ ಇದ್ರೆ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಒಂದು ಗಂಟೆ ಇಡಿ, ಎರಡು ಪದರ ಕಂಡ್ರೆ ಗೊತ್ತಾಗುತ್ತೆ. ಆದ್ರೆ ಇಲ್ಲಿ ಕೋಡ್ ಬೆರಳು ತೋರಿಸ್ತಿರೋದು ಒಂದೇ ಮನೆ ಕಡೆಗೆ.

ಹಳೇ_ಪದ್ಮಿನಿ · ಸೋಮವಾರ ಬೆಳಗ್ಗೆ 6:15

ಬೆಳಗ್ಗೆ ಎದ್ದು ಓದಿದೆ. ಇಷ್ಟಕ್ಕೆ ಕಂಪ್ಯೂಟರ್ ಯಾಕಪ್ಪ? ನಮ್ಮ ಕಾಲದಲ್ಲಿ ಇಂಜಿನ್ ಓಡ್ತಿರುವಾಗಲೇ ಕಿಡಿ ಹಾರಿಸೋ ಪ್ಲಗ್‌ಗಳ ಕ್ಯಾಪ್ ಒಂದೊಂದೇ ಎಳೀತಿದ್ವಿ. ಯಾವುದನ್ನ ಎಳೆದ್ರೆ ಸದ್ದು ಬದಲಾಗಲ್ವೋ ಅದೇ ಸತ್ತಿರೋ ಸಿಲಿಂಡರ್. ಪ್ಲಗ್ ಬಿಚ್ಚಿ, ಸ್ಯಾಂಡ್‌ಪೇಪರ್ ಉಜ್ಜಿ, ಸೀಮೆಎಣ್ಣೇಲಿ ತೊಳ್ದು ಹಾಕಿದ್ರೆ ಮತ್ತೆ ಐದು ಸಾವಿರ ಕಿಲೋಮೀಟರ್. ಕೈಗೆ ಒಂದೆರಡು ಸಲ ಶಾಕ್ ಹೊಡೀತಿತ್ತು, ಕಾಫಿ ಬೇಕಾಗ್ತಿರಲಿಲ್ಲ.

ಸ್ಪ್ಯಾನರ್_ಸ್ವಾಮಿ · 7:30

ಹಿರಿಯರಿಗೆ ನಮಸ್ಕಾರ. ಆದ್ರೆ ಈ ಗಾಡೀಲಿ ದಯವಿಟ್ಟು ಹಾಗೆ ಮಾಡಿಸ್ಬೇಡಿ. ಪದ್ಮಿನಿ ಕಾರಲ್ಲಿ ಎಲ್ಲ ಪ್ಲಗ್‌ಗೂ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್, ಉದ್ದದ ವೈರು. ಇಲ್ಲಿ ಪ್ರತಿ ಪ್ಲಗ್ ತಲೆ ಮೇಲೇ ಕಿಡಿಗೆ ವೋಲ್ಟೇಜ್ ಕೊಡೋ ಒಂದು ಕಾಯಿಲ್ ಕೂತಿದೆ. ಓಡುವಾಗ ಎಳೆದ್ರೆ ಪೆಟ್ರೋಲ್ ಸೀದಾ ಕನ್ವರ್ಟರಿಗೆ, ಹತ್ತಾರು ಸಾವಿರ ವೋಲ್ಟ್ ನಿಮ್ಮ ಕೈಗೆ. ಇರಿಡಿಯಂ ಪ್ಲಗ್‌ಗೆ ಸ್ಯಾಂಡ್‌ಪೇಪರ್ ಮುಟ್ಟಿಸಿದ್ರೆ ಕೂದಲಿನಷ್ಟು ತೆಳ್ಳಗಿರೋ ಆ ತುದಿ ಹೋದಂಗೇ.

ಹಳೇ_ಪದ್ಮಿನಿ · 7:41

ಶಾಕ್ ಹೊಡೆಸ್ಕೊಂಡು ಕಲಿತದ್ದು ಮರೆಯಲ್ಲ ಅಂತ ಹೇಳಿದ್ದು. ಆಯ್ತು, ಮುಂದುವರಿಸಿ.

ಡೀಸೆಲ್_ದೊರೆ · 8:20

ಅದಕ್ಕೇ ಹೇಳೋದು ಡೀಸೆಲ್ ತಗೊಳಿ ಅಂತ. ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ.

ನಾಲ್ಕನೇ_ಗೇರ್ · 8:24

ಡೀಸೆಲ್ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರಿನ ಲೈಟ್ ಬಂದಾಗ ಆ ಮಸಿ ಸುಡೋಕೆ ನೈಸ್ ರೋಡಲ್ಲಿ ರಾತ್ರಿ ಹನ್ನೊಂದಕ್ಕೆ ಸುಮ್ನೆ ಸುತ್ತಿದ್ದು ಯಾರು ಸ್ವಾಮಿ? ಇಲ್ಲೇ ಬರೆದಿದ್ರಿ.

ಡೀಸೆಲ್_ದೊರೆ · 8:25

ಅದು ವಾಯುವಿಹಾರ.

ಸ್ಪ್ಯಾನರ್_ಸ್ವಾಮಿ · 8:50

ಕಾಫಿಯವರೇ, ಪರೀಕ್ಷೆ ಸುಲಭ, ಖರ್ಚು ಸೊನ್ನೆ. ಇಂಜಿನ್ ಪೂರ್ತಿ ತಣ್ಣಗಿರಲಿ. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರಕ್ಕೆ, ಮೂರರದ್ದು ಎರಡಕ್ಕೆ. ಬೇರೆ ಏನನ್ನೂ ಮುಟ್ಟಬೇಡಿ. ಘಾಟಿ ಕಡೆ ಒಂದು ಸುತ್ತು ಹೋಗಿ. ಕೋಡ್ ಪಿ0303 ಅಂತ ಬದಲಾದ್ರೆ ಕಾಯಿಲ್ ಕಳ್ಳ. ಪಿ0302 ಅಂತಲೇ ಉಳಿದ್ರೆ ಕಾಯಿಲ್ ನಿರಪರಾಧಿ, ಆಮೇಲೆ ಪ್ಲಗ್‌ಗೂ ಇದೇ ಆಟ. ಒಂದು ಸಲಕ್ಕೆ ಒಂದೇ. ಅಂಡರ್‌ಲೈನ್ ಮಾಡ್ಕೊಳಿ.

ಕೋಡ್ ಫೋನಲ್ಲೇ ಓದೋಕೆ ಬ್ಲೂಟೂತ್ ಓಬಿಡಿ ಡಾಂಗಲ್ ಒಂದು ತರಿಸಿ, ಸಾವಿರದ ಒಳಗೆ ಸಿಗುತ್ತೆ. ಕೋಡ್ ಅಳಿಸೋ ಮುಂಚೆ ಫ್ರೀಜ್ ಫ್ರೇಮ್ ಫೋಟೋ ತೆಗೀರಿ. ಕೋಡ್ ಬಂದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಇಂಜಿನ್ ಬಿಸಿ ಎಷ್ಟು ಅಂತ ಅದರಲ್ಲಿ ಅಚ್ಚೊತ್ತಿರುತ್ತೆ. ಅಳಿಸಿದ್ರೆ ಅದೂ ಹೋಯ್ತು. ಸರ್ವಿಸ್‌ನವರು ಮಾಡಿದ್ದು ಅದೇ, ಪಂಚನಾಮೆಗೆ ಮುಂಚೆ ನೆಲ ಒರೆಸಿಟ್ಟಂಗೆ.

ಹುಬ್ಳಿ_ಹೈದ · 9:10

ಭಾಳ ಚೊಲೊ ಹೇಳೀರಿ ನೋಡ್ರಿ. ನಂದೊಂದು ಸಣ್ಣ ಡೌಟ್ ಐತ್ರಿ. ಊರಾಗ ಬೆಣ್ಣಿ ಹಂಗ ಓಡತೈತಿ, ಘಾಟ್‌ನಾಗ ಅಷ್ಟ ಯಾಕ ಮಿಸ್ ಹೊಡೀತೈತಿ? ಕಾಯಿಲ್ ಕೆಟ್ರ ಎಲ್ಲಾ ಕಡೆನೂ ಹೊಡೀಬೇಕಲ್ರಿ?

ಸ್ಪ್ಯಾನರ್_ಸ್ವಾಮಿ · 9:33

ಒಳ್ಳೆ ಪ್ರಶ್ನೆ ಕಣ್ರೀ. ಟರ್ಬೊ ಗಾಡಿಯ ಮಜಾ ಇರೋದೇ ಅಲ್ಲಿ. ಸಿಲಿಂಡರ್ ಒಳಗೆ ಗಾಳಿ ಒತ್ತೊತ್ತಾಗಿ ತುಂಬಿದಷ್ಟೂ ಕಿಡಿ ಹಾರೋದು ಕಷ್ಟ. ಐಡಲ್‌ನಲ್ಲಿ ಗಾಳಿ ತೆಳ್ಳಗಿರುತ್ತೆ, ಅರೆಜೀವದ ಕಾಯಿಲ್ ಕೂಡ ಕಿಡಿ ಹಾರಿಸಿಬಿಡುತ್ತೆ. ಘಾಟಿ ಏರ್ತಾ ಬೂಸ್ಟ್ ಬಂದಾಗ ಗಾಳಿ ಎರಡು ಪಟ್ಟು ತುಂಬುತ್ತೆ, ಆಗ ಅದೇ ಸಂದಿ ದಾಟೋಕೆ ತುಂಬಾ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್‌ಗೆ ತಾಕತ್ತು ಸಾಲಲ್ಲ, ಅಥವಾ ಕಿಡಿ ಪ್ಲಗ್ ತುದಿ ಬಿಟ್ಟು ಪಿಂಗಾಣಿ ಮೇಲೆ ಸುಲಭದ ದಾರಿ ಹುಡುಕುತ್ತೆ. ಅದಕ್ಕೇ ಟರ್ಬೊ ಇಂಜಿನ್ನಿನ ಪ್ಲಗ್ ಸಂದಿ ಸಾಮಾನ್ಯವಾಗಿ 0.7 ಮಿ.ಮೀ. ಆಸುಪಾಸು ಇಡೋದು, ಟರ್ಬೊ ಇಲ್ಲದವಕ್ಕೆ 1 ಮಿ.ಮೀ. ತನಕ ಇರುತ್ತೆ. ಪ್ಲಗ್ ಸವೆದ್ರೆ ಸಂದಿ ಅಗಲ ಆಗುತ್ತೆ, ಮೊದಲು ತೋರಿಸೋದು ಘಾಟಿಯಲ್ಲೇ.

ಹುಬ್ಳಿ_ಹೈದ · 9:36

ಈಗ ತಲಿಗೆ ಹೋತ್ ನೋಡ್ರಿ.

ಮಿಶಿಗನ್_ಮೈಸೂರು · 10:02

ಇಲ್ಲಿ ಬಿಡಿಭಾಗದ ಅಂಗಡಿಗೆ ಹೋದ್ರೆ ಪುಕ್ಕಟೆಯಾಗಿ ಕೋಡ್ ಓದಿ ಕೊಡ್ತಾರೆ, ಆಮೇಲೆ ಆ ಕೋಡಿಗೆ ಸಂಬಂಧಪಟ್ಟ ಸೆನ್ಸರ್ ಮಾರ್ತಾರೆ. ನಾನೂ ಪಿ0171 ನೋಡಿ ಆಕ್ಸಿಜನ್ ಸೆನ್ಸರ್ ಎರಡು ಸಲ ಬದಲಾಯಿಸಿದ ಮಹಾನುಭಾವ. ಕೊನೆಗೆ ಹರಿದಿದ್ದು ಹೆಬ್ಬೆರಳಷ್ಟು ಗಾತ್ರದ ಒಂದು ರಬ್ಬರ್ ಹೋಸ್. ಸೆನ್ಸರ್ ಪಾಪ ನಿಜ ಹೇಳ್ತಿತ್ತು, ನಾನು ಅದನ್ನೇ ಕಿತ್ತು ಬಿಸಾಡಿದೆ.

ಟಾಪ್_ಎಂಡ್ · 10:30

ವಾಲ್ವ್ ಮೇಲೆ ಕಾರ್ಬನ್ ಕೂತಿರಬಹುದಲ್ವಾ? ಟರ್ಬೊ ಪೆಟ್ರೋಲಿಗೆ ಅದು ದೊಡ್ಡ ರೋಗ. ಅಕ್ರೋಟು ಸಿಪ್ಪೆ ಪುಡಿ ಊದಿ ತೆಗೀತಾರೆ, ವಿಡಿಯೋ ನೋಡಿದೀನಿ.

ಸ್ಪ್ಯಾನರ್_ಸ್ವಾಮಿ · 10:44

ಅದು ಡೈರೆಕ್ಟ್ ಇಂಜೆಕ್ಷನ್ ಇದ್ರೆ. ಅದರಲ್ಲಿ ಪೆಟ್ರೋಲ್ ಸೀದಾ ಸಿಲಿಂಡರೊಳಗೆ ಚಿಮ್ಮುತ್ತೆ, ಇನ್‌ಟೇಕ್ ವಾಲ್ವ್ ಬೆನ್ನು ತೊಳೆಯೋರು ಯಾರೂ ಇಲ್ಲ, ಮಸಿ ಕೂರುತ್ತೆ. ಅದು ಕೂಡ ಬೆಳಗ್ಗೆ ತಣ್ಣನೆ ಸ್ಟಾರ್ಟ್‌ನಲ್ಲಿ ಹೆಚ್ಚು ಕಾಟ ಕೊಡೋದು. ಕಾಫಿಯವರೇ, ನಿಮ್ಮದು ಯಾವುದು?

ಕಾಫಿ_ಕಣಿವೆ · 1:15

ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ವಾಲ್ವ್ ಹಿಂದೆಯೇ ಚಿಮ್ಮೋದು), ಮ್ಯಾನ್ಯುಯಲ್ ಪುಸ್ತಕ ನೋಡಿದೆ. ಡಾಂಗಲ್ ಆರ್ಡರ್ ಹಾಕಿದೀನಿ. ಬುಧವಾರ ಪರೀಕ್ಷೆ.

ಕಾಫಿ_ಕಣಿವೆ · ಬುಧವಾರ ಸಂಜೆ 7:05

ಎರಡು, ಮೂರರ ಕಾಯಿಲ್ ಅದಲು ಬದಲು ಮಾಡಿದೆ. ಹೇಗೂ ಬಿಚ್ಚಿದೀನಲ್ಲ ಅಂತ ಪ್ಲಗ್ಗೂ ಅದಲು ಬದಲು ಮಾಡಿಬಿಟ್ಟೆ. ದೋಣಿಗಲ್ ತನಕ ಇಳಿದು ಹತ್ತಿ ಬಂದೆ, ಏನೂ ಆಗ್ಲಿಲ್ಲ! ಸರಿ ಹೋಯ್ತು ಅನ್ಸುತ್ತೆ. ಎಲ್ಲರಿಗೂ ಧನ್ಯವಾದ.

ಸ್ಪ್ಯಾನರ್_ಸ್ವಾಮಿ · 7:12

ಅಂಡರ್‌ಲೈನ್ ಮಾಡ್ಕೊಳಿ ಅಂದಿದ್ದೆ.

ನಾಲ್ಕನೇ_ಗೇರ್ · 7:13

ಸ್ವಾಮಿಗಳಿಗೆ ಕೋಪ ಬಂತು.

ಸ್ಪ್ಯಾನರ್_ಸ್ವಾಮಿ · 7:25

ಕೋಪ ಅಲ್ಲ ಕಣ್ರೀ. ಈಗ ಕೋಡ್ ಮೂರಕ್ಕೆ ಹೋದ್ರೆ ಕಾಯಿಲ್ಲೋ ಪ್ಲಗ್ಗೋ ಅಂತ ಹೇಗೆ ಹೇಳೋದು? ಇವತ್ತು ಮಳೆ ಇತ್ತಾ ಘಾಟಿಯಲ್ಲಿ?

ಕಾಫಿ_ಕಣಿವೆ · 7:28

ಇಲ್ಲ, ಬಿಸಿಲು.

ಸ್ಪ್ಯಾನರ್_ಸ್ವಾಮಿ · 7:31

ಹಾಗಾದ್ರೆ ಸರಿ ಹೋಗಿಲ್ಲ. ಮಳೆಗೆ ಕಾಯಿರಿ.

ಕುಡ್ಲ_ಡ್ರೈವ್ · 7:50

ಶಿರಾಡಿಯಲ್ಲಿ ಮಳೆಗೆ ಕಾಯುವ ಪರಿಸ್ಥಿತಿ ಬಂತಲ್ಲ ಮಾರಾಯ್ರೆ. ಚಾರ್ಮಾಡಿಗೆ ಬನ್ನಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೆಳಗೆ ಇಳಿಯುವಷ್ಟರಲ್ಲಿ ಮಳೆ ಬಂದೇ ಬರ್ತದೆ.

ಹುಬ್ಳಿ_ಹೈದ · 7:55

ನೀರ್‌ದ್ವಾಸಿಗೆ ಕೋಳಿ ಸಾರ ಹಾಕ್ಕೊಂಡ್ ತಿನ್ರಿ, ಗಾಡಿ ಚಿಂತಿ ಮರ್ತ ಹೋಗತೈತಿ.

ಕಾಫಿ_ಕಣಿವೆ · ಗುರುವಾರ ರಾತ್ರಿ 10:20

ಸ್ವಾಮಿಗಳ ಬಾಯಲ್ಲಿ ಮಚ್ಚೆ ಇರ್ಬೇಕು. ಇವತ್ತು ಸಂಜೆ ಮಳೆ, ಮಾರನಹಳ್ಳಿ ಹತ್ರ ಮತ್ತೆ ಡಬಡಬ. ತಕ್ಷಣ ಕಾಲು ತೆಗೆದೆ. ಕೋಡ್ ಪಿ0302. ಅಂದ್ರೆ ಕಾಯಿಲ್ಲೂ ಪ್ಲಗ್ಗೂ ಮೂರಕ್ಕೆ ಹೋದ್ರೂ ರೋಗ ಎರಡರಲ್ಲೇ ಇದೆ. ಈ ಸಲ ಫ್ರೀಜ್ ಫ್ರೇಮ್ ಹಿಡಿದೆ: 2,450 ಆರ್‌ಪಿಎಂ, ಲೋಡ್ ಶೇ 88, ಕೂಲೆಂಟ್ 91 ಡಿಗ್ರಿ. ಪಿ0171 ಕೂಡ ಪೆಂಡಿಂಗ್ ಅಂತ ತೋರಿಸ್ತಿದೆ.

ಟಾಪ್_ಎಂಡ್ · 10:26

ಹಾಗಾದ್ರೆ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿ ಹಿಡಿಯೋ ಶಕ್ತಿ) ಹೋಗಿದೆ. ಪಿಸ್ಟನ್ ರಿಂಗ್. ಇಂಜಿನ್ ಇಳಿಸ್ಬೇಕು.

ಸ್ಪ್ಯಾನರ್_ಸ್ವಾಮಿ · 10:40

ಟಾಪ್ ಎಂಡ್ ಅವರೇ, ಭಾನುವಾರದಿಂದ ಇಲ್ಲಿವರೆಗೆ ನೀವು ಟರ್ಬೊ, ವಾಲ್ವ್, ಪಿಸ್ಟನ್ ಮೂರೂ ಬಿಚ್ಚಿಸಿದೀರಿ. ಕಂಪ್ರೆಶನ್ ಹೋದ ಸಿಲಿಂಡರಿಗೆ ಬಿಸಿಲು ಮಳೆ ಭೇದ ಗೊತ್ತಾಗಲ್ಲ, ಐಡಲ್‌ನಲ್ಲೇ ಕುಂಟುತ್ತೆ. ಮಳೆ ಬಂದಾಗ, ಅಲುಗಾಟ ಜಾಸ್ತಿ ಇದ್ದಾಗ, ಲೋಡ್ ಬಿದ್ದಾಗ ಬರೋದು ಅಂದ್ರೆ ನನಗೆ ವೈರಿಂಗ್ ಮೇಲೆ ಅನುಮಾನ.

ಕಾಫಿಯವರ ಎರಡು ಕೆಲಸದ ಎಡವಟ್ಟು ಅದೃಷ್ಟಕ್ಕೆ ಒಂದೇ ಉತ್ತರ ಕೊಟ್ಟಿದೆ: ಎರಡೂ ನಿರಪರಾಧಿ. ಉಳಿದಿದ್ದು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್, ಇಲ್ಲಾ ಎರಡನೇ ಕಾಯಿಲ್‌ಗೆ ಬರೋ ವೈರು. ಕಣ್ಣಿಗೆ ಕಾಣೋದನ್ನ ಮೊದಲು ನೋಡಿ. ನಾಳೆ ಟಾರ್ಚ್ ಹಿಡಿದು, ಕಾಯಿಲ್ ಕನೆಕ್ಟರಿಂದ ಶುರು ಮಾಡಿ ಆ ವೈರಿನ ದಾರಿ ಹಿಡಿದು ಹೋಗಿ. ಕಪ್ಪು ಟೇಪ್ ಸುತ್ತಿರೋ ಕಡೆ ಬೆರಳಲ್ಲಿ ಒತ್ತಿ ನೋಡಿ. ಗಾಡಿ ಎಲ್ಲಿ ನಿಲ್ಲಿಸ್ತೀರಿ?

ಕಾಫಿ_ಕಣಿವೆ · 10:44

ಕಾಫಿ ಗೋಡೌನ್ ಪಕ್ಕದ ಶೆಡ್ಡಲ್ಲಿ.

ಸ್ಪ್ಯಾನರ್_ಸ್ವಾಮಿ · 10:45

ಇಲಿ.

ಅರ್ಧ_ಟ್ಯಾಂಕ್ · 10:46

ಇಲಿ!!

ಮಂಡ್ಯ_ಮೈಲೇಜ್ · 10:50

ಇಲಿನೇ ಕಣಣ್ಣ. ನಮ್ ಆಲೆಮನೆ ಹತ್ರ ಗಾಡಿ ನಿಲ್ಸಿ ಒಂದ್ ವಾರಕ್ಕೆ ವೈಪರ್ ವೈರು, ವಾಷರ್ ಪೈಪು, ಬಾನೆಟ್ ಒಳ್ಗಿನ್ ಮೆತ್ತೆ ಎಲ್ಲಾನೂ ತಿಂದಾಕಿತ್ತು. ಬೆಲ್ಲ ಬಿಟ್ಟು ವೈರ್ ಯಾಕ್ ತಿಂತದೋ ಆ ದೇವ್ರಿಗೇ ಗೊತ್ತು.

ನಾಲ್ಕನೇ_ಗೇರ್ · ಶುಕ್ರವಾರ ಬೆಳಗ್ಗೆ 8:05

ಒಂದು ಅನುಮಾನ. ವೈರ್ ಕಟ್ ಆಗಿದ್ರೆ ಕಾಯಿಲ್ ಸರ್ಕ್ಯೂಟ್ ಕೋಡ್, ಅಂದ್ರೆ ಪಿ0352 ಬರ್ಬೇಕಲ್ವಾ? ಯಾಕೆ ಬಂದಿಲ್ಲ?

ಸ್ಪ್ಯಾನರ್_ಸ್ವಾಮಿ · 8:40

ಯಾವ ವೈರು ಅನ್ನೋದರ ಮೇಲೆ ಹೋಗುತ್ತೆ. ಈ ಥರದ ಕಾಯಿಲ್‌ಗಳಿಗೆ ಸಾಮಾನ್ಯವಾಗಿ ಮೂರು ವೈರ್ ಇರುತ್ತೆ: ಕರೆಂಟ್, ಅರ್ಥ್, ಮತ್ತೆ "ಈಗ ಹೊಡಿ" ಅಂತ ಕಂಪ್ಯೂಟರ್ ಹೇಳೋ ಟ್ರಿಗರ್. ಕಂಪ್ಯೂಟರ್ ಕಣ್ಣಿಡೋದು ಟ್ರಿಗರ್ ವೈರಿನ ಮೇಲೆ. ಅರ್ಥ್ ವೈರಿನ ಎಳೆಗಳು ಅರ್ಧ ತುಂಡಾಗಿದ್ರೆ ಅದಕ್ಕೆ ನೇರವಾಗಿ ಗೊತ್ತಾಗೋದೇ ಇಲ್ಲ. ಕಾಯಿಲ್‌ಗೆ ಸಾಕಷ್ಟು ಕರೆಂಟ್ ಹರಿಯಲ್ಲ, ಕಿಡಿ ಬಡಕಲಾಗುತ್ತೆ, ಬೂಸ್ಟ್ ಬಂದಾಗ ಆರಿಹೋಗುತ್ತೆ. ಕಂಪ್ಯೂಟರ್ ನೋಡೋದು ಕ್ರ್ಯಾಂಕ್ ತಡವರಿಸಿದ್ದನ್ನ ಮಾತ್ರ.

ಮಲ್ಟಿಮೀಟರ್ ಇದ್ರೆ ಇಂಜಿನ್ ಓಡ್ತಿರುವಾಗ ಕಾಯಿಲ್ ಕನೆಕ್ಟರಿನ ಹಿಂದಿನಿಂದ ಅರ್ಥ್ ಪಿನ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟೇಜ್ ಅಳೀರಿ. ಮೂರೂ ಕಾಯಿಲ್‌ದು ಹೋಲಿಸಿ. ಸೊನ್ನೆಗೆ ಹತ್ತಿರ ಇರ್ಬೇಕು. ಬೆಲ್ಟು, ಫ್ಯಾನ್ ಕಡೆ ಕೈ ತೋಳು ಜೋಪಾನ.

ಕಾಫಿ_ಕಣಿವೆ · ಶನಿವಾರ ಮಧ್ಯಾಹ್ನ 3:30

ಸಿಕ್ತು!!!

ಮಲ್ಟಿಮೀಟರ್ ಪಂಪ್‌ಸೆಟ್ ರಿಪೇರಿಯವನ ಹತ್ರ ಇಸ್ಕೊಂಡೆ. ಒಂದು ಮತ್ತು ಮೂರನೇ ಕಾಯಿಲ್‌ಗೆ 0.04, 0.05 ವೋಲ್ಟ್. ಎರಡಕ್ಕೆ 0.6. ವೈರಿನ ದಾರಿ ಹಿಡಿದು ಹೋದೆ. ಇಂಜಿನ್ ಹಿಂದೆ, ಬಲ್ಕ್‌ಹೆಡ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಕಡೆ ತಿರುಗೋ ಜಾಗದಲ್ಲಿ ಟೇಪು ನೋಡೋಕೆ ಚೆನ್ನಾಗೇ ಇದೆ, ಒತ್ತಿದ್ರೆ ಮೆತ್ತಗೆ. ಬಿಡಿಸಿ ನೋಡಿದ್ರೆ ಕೆಳಗಿನ ಮಗ್ಗುಲಿಂದ ಕೊರೆದಿದೆ. ಕಂದು ವೈರಿನ ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳ್ಕೊಂಡಿದ್ವು, ಅವೂ ಹಸಿರು ಬಣ್ಣಕ್ಕೆ ತಿರುಗಿದ್ವು. ಅದರ ಪಕ್ಕದಲ್ಲೇ ಕಾಫಿ ಸಿಪ್ಪೆ, ಗೋಣಿಚೀಲದ ನಾರು, ಮತ್ತೆ ಒಂದು ಹಾಳೆ ಚೂರು. ಅದು ಸರ್ವಿಸ್ ಸೆಂಟರಿನ ಹಳೇ ಬಿಲ್ಲು ಅನ್ಸುತ್ತೆ.

ಊರಿನ ಎಲೆಕ್ಟ್ರಿಷಿಯನ್ ಕರೆಸಿ ಹೊಸ ತುಂಡು ವೈರ್ ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಕೊಳವೆ. 350 ರೂಪಾಯಿ ತಗೊಂಡ, ಜೊತೆಗೆ ಒಂದು ಲೋಟ ಕಾಫಿ. ಪ್ಲಗ್ ಸಂದಿನೂ ಅಳೆದೆ, ಮೂರೂ 0.9 ದಾಟಿತ್ತು. ಮ್ಯಾನ್ಯುಯಲ್ ಪ್ರಕಾರ 0.7 ಇರ್ಬೇಕು. ಮೂರೂ ಹೊಸದು ಹಾಕಿದೆ, ಟಾರ್ಕ್ ವ್ರೆಂಚ್ ಇಟ್ಟೇ ಬಿಗಿ ಮಾಡಿಸ್ದೆ.

ಈಗಷ್ಟೇ ಜಿಟಿಜಿಟಿ ಮಳೆಯಲ್ಲಿ ಗುಂಡ್ಯದಿಂದ ಹತ್ತಿ ಬಂದೆ, ತಮ್ಮ ಪಕ್ಕದಲ್ಲಿ ಕೂತು ಡಾಂಗಲ್ ನೋಡ್ತಿದ್ದ. ಕಂಪ್ಯೂಟರಿನ ಒಳಪರೀಕ್ಷೆ ಲೆಕ್ಕ ತೋರಿಸೋ ಮೋಡ್ 6ರಲ್ಲಿ ಮಿಸ್ ಎಣಿಕೆ ಮೂರಕ್ಕೂ ಸೊನ್ನೆ.

ಸ್ಪ್ಯಾನರ್_ಸ್ವಾಮಿ · 3:48

ಭೇಷ್. ಮ್ಯಾನಿಫೋಲ್ಡ್ ಪ್ರೆಶರ್, ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ, ನೋಡಿದ್ರಾ? ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಎಷ್ಟು, ಮೂರನೇ ಗೇರಲ್ಲಿ ಪೂರ್ತಿ ಒತ್ತಿದಾಗ ಎಷ್ಟು?

ಕಾಫಿ_ಕಣಿವೆ · 3:55

ಮನೆ ಹತ್ರ ಕೀ ಆನ್ ಮಾಡಿದ್ರೆ 91 ಕಿಲೋಪಾಸ್ಕಲ್. ಏರಲ್ಲಿ ಒತ್ತಿದಾಗ 186 ತನಕ ಹೋಯ್ತು. 91 ಕಮ್ಮಿ ಅಲ್ವಾ? ಎಲ್ಲೋ 100 ಇರ್ಬೇಕು ಅಂತ ಓದಿದ್ದೆ.

ಸ್ಪ್ಯಾನರ್_ಸ್ವಾಮಿ · 4:02

100 ಇರೋದು ಸಮುದ್ರ ಮಟ್ಟದಲ್ಲಿ, ಕುಡ್ಲದವರ ಅಂಗಳದಲ್ಲಿ. ನೀವಿರೋದು 900 ಮೀಟರಿಗಿಂತ ಮೇಲೆ, ಗಾಳಿ ತೆಳು. 91 ಅಂದ್ರೆ ಸೆನ್ಸರ್ ಸರಿ ಇದೆ. 91ರಿಂದ 186 ಅಂದ್ರೆ ಹೊರಗಿನ ಗಾಳಿಯ ಎರಡು ಪಟ್ಟು ಒಳಗೆ ತುಂಬ್ತಿದೆ. 1,12,000 ರೂಪಾಯಿ ಟರ್ಬೊ ಕಲ್ಲುಗುಂಡಿನ ಹಾಗಿದೆ.

ಟಾಪ್_ಎಂಡ್ · 4:10

ಆದ್ರೂ ಎರಡು ನಿಮಿಷ ಐಡಲ್ ಬಿಡೋದು ಒಳ್ಳೇದು.

ಸ್ಪ್ಯಾನರ್_ಸ್ವಾಮಿ · 4:13

ಘಾಟಿ ಹತ್ತಿ ಬಂದ ಕೂಡ್ಲೇ ನಿಲ್ಲಿಸೋದಾದ್ರೆ ಒಂದರ್ಧ ನಿಮಿಷ ಬಿಡಿ, ಒಪ್ತೀನಿ. ಊರೊಳಗೆ ತರಕಾರಿ ತಂದು ಮನೆ ಮುಂದೆ ಎರಡು ನಿಮಿಷ ಹೊಗೆ ಬಿಡೋದಕ್ಕೆ ಅರ್ಥ ಇಲ್ಲ. ಘಾಟಿಯಲ್ಲಿ ಇನ್ನೊಂದು ನೆನಪಿಡಿ: ನಾಲ್ಕನೇ ಗೇರು, 1,500 ಆರ್‌ಪಿಎಂ, ಕಾಲು ಪೂರ್ತಿ ಕೆಳಗೆ, ಹೀಗೆ ಎಳಿಸ್ಬೇಡಿ. ಚಿಕ್ಕ ಟರ್ಬೊ ಇಂಜಿನ್‌ಗೆ, ಅದರಲ್ಲೂ ಡೈರೆಕ್ಟ್ ಇಂಜೆಕ್ಷನ್‌ಗೆ, ಕಿಡಿ ಬರೋ ಮುಂಚೇನೇ ಮಿಶ್ರಣ ಹೊತ್ಕೊಳ್ಳೋ ಅಪಾಯ ಅಲ್ಲೇ ಇರೋದು. ಗೇರ್ ಇಳಿಸಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಪಿ ಅಂತ ಇದೆಯಾ ನೋಡಿ, 2020ರಲ್ಲಿ ಬಂದ ಆ ದರ್ಜೆಯಲ್ಲಿ ಇದಕ್ಕೂ ಪರೀಕ್ಷೆ ಇದೆ.

ಹಳೇ_ಪದ್ಮಿನಿ · 5:00

ವೈರು ಕೈಯಲ್ಲಿ ಒತ್ತಿ ನೋಡಿ ಸಿಕ್ತು ತಾನೆ? ಕೊನೆಗೂ ಕೈಯೇ ಬೇಕಾಯ್ತು.

ಸ್ಪ್ಯಾನರ್_ಸ್ವಾಮಿ · 5:02

ಒಪ್ಪಿದೆ ಹಿರಿಯರೇ.

ಮಂಡ್ಯ_ಮೈಲೇಜ್ · 5:20

ಅಣ್ಣ, ವೈರ್ ಹಾಕ್ಸಿದ್ರೆ ಆಗ್ಲಿಲ್ಲ, ಇಲಿ ಇನ್ನೂ ಅಲ್ಲೇ ಅದೆ. ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಬಾನೆಟ್ ಒಳ್ಗಿಡಿ.

ನಾಲ್ಕನೇ_ಗೇರ್ · 5:24

ಹೊಗೆಸೊಪ್ಪು ನಾನೂ ಇಟ್ಟಿದ್ದೆ. ಇಲಿ ಅದರ ಮೇಲೇ ಹಾಸಿಗೆ ಹಾಸ್ಕೊಂಡಿತ್ತು. ನುಸಿಗುಳಿಗೆ ಇಟ್ರೆ ಎಸಿಯಲ್ಲಿ ಅಜ್ಜಿ ಟ್ರಂಕಿನ ವಾಸನೆ.

ಕುಡ್ಲ_ಡ್ರೈವ್ · 5:31

ರಾತ್ರಿ ಬಾನೆಟ್ ತೆರೆದಿಡಿ, ಕತ್ತಲೆ ಇಲ್ಲದಿದ್ರೆ ಅದು ಗೂಡು ಕಟ್ಟುವುದಿಲ್ಲ. ನಮ್ಮಲ್ಲಿ ಅಡಿಕೆ ಅಂಗಳದಲ್ಲಿ ಹಾಗೆಯೇ ಮಾಡುವುದು. ಮತ್ತೆ ಇನ್ಶೂರೆನ್ಸ್‌ನವರಿಗೆ ಫೋಟೋ ಕಳಿಸಿ ಕೇಳಿ, ನನಗೆ ಒಮ್ಮೆ ಇಲಿ ಕಡಿದದ್ದಕ್ಕೆ ಕ್ಲೇಮ್ ಸಿಕ್ಕಿದೆ.

ಕಾಫಿ_ಕಣಿವೆ · 5:45

350 ರೂಪಾಯಿಗೆ ಕ್ಲೇಮ್ ಹಾಕಿ ಬೋನಸ್ ಕಳ್ಕೊಳ್ಳಲ್ಲ. ಪಕ್ಕದ ಮನೆಯಿಂದ ಒಂದು ಬೆಕ್ಕು ತರಿಸಿದೀನಿ. ಸದ್ಯಕ್ಕೆ ಬಾನೆಟ್ ಬೆಚ್ಚಗಿದೆ ಅಂತ ಅದರ ಮೇಲೆ ಮಲಗಿದೆ. ಉಗುರಿಂದ ಎರಡು ಗೀರು.

ಹ್ಞಾ, ಮರೆತಿದ್ದೆ. ಮಧ್ಯಾಹ್ನ ಸರ್ವಿಸ್ ಸೆಂಟರಿಂದ ಫೋನ್ ಬಂದಿತ್ತು. "ಟರ್ಬೊ ಸ್ಟಾಕ್ ಬಂದಿದೆ ಸಾರ್, ಗಾಡಿ ಯಾವಾಗ ಬಿಡ್ತೀರ?"

ಹುಬ್ಳಿ_ಹೈದ · 5:50

ಇಲಿಗೆ ಹಾಕ್ಸ್ತೀನಿ ಅನ್ರಿ.

ಅರ್ಧ_ಟ್ಯಾಂಕ್ · 5:58

ಇ20 ವಾಸನೆ ಹಿಡ್ಕೊಂಡೇ ಬಂದಿರೋದು ಆ ಇಲಿ. ನಾನು ಮೊದಲೇ ಹೇಳಿದ್ದೆ.